ಬೆಳಕಿನ ಹೀರಿಕೆಯಿಂದ ಸಮತೋಲ ಸ್ಥಿರಾಂಕ: ಒಂದು ಸರಳರೇಖೆಯ ಇತಿಹಾಸ

ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ಕರಗಿದ ಅಯೊಡಿನ್ ನೇರಳೆಯಾಗಿ ತೋರುತ್ತದೆ. ಮದ್ಯಸಾರದಲ್ಲಿ ಅದೇ ಅಯೊಡಿನ್ ಕಂದುಬಣ್ಣ ತಾಳುತ್ತದೆ. ಮದ್ಯಸಾರದ ಅಣುಗಳೊಡನೆ ಅದು ಸಡಿಲವಾದ ಸಂಕೀರ್ಣವನ್ನು ರಚಿಸುವುದೇ ಇದಕ್ಕೆ ಕಾರಣ. ಇಂಥ ಸಂಕೀರ್ಣವನ್ನು ಬೇರ್ಪಡಿಸದೆ, ಅದು ಹೀರುವ ಬೆಳಕನ್ನು ಮಾತ್ರ ಅಳೆದು, ಅದರ ಸಮತೋಲ ಸ್ಥಿರಾಂಕವನ್ನು ನಿರ್ಣಯಿಸಬಹುದೆ? ಈ ಪ್ರಶ್ನೆಗೆ ದೊರೆತ ಉತ್ತರವನ್ನೂ ಅದರ ಮಿತಿಯನ್ನೂ ಇಲ್ಲಿ ಪರಿಶೀಲಿಸುತ್ತೇವೆ.

ಈ ವಿಧಾನದ ತಳಹದಿಗಳು ಎರಡು. ಬೆಳಕಿನ ಹೀರಿಕೆಗೂ ಪದರದ ದಪ್ಪಕ್ಕೂ ಇರುವ ಸಂಬಂಧವನ್ನು ಬೂಗೆ (೧೭೨೯), ಲ್ಯಾಂಬರ್ಟ್ (೧೭೬೦) ಇವರೂ, ದ್ರಾವಣದ ಸಾರತೆಗೂ ಹೀರಿಕೆಗೂ ಇರುವ ಸಂಬಂಧವನ್ನು ಬೇರ್ (೧೮೫೨) ಅವರೂ ತೋರಿಸಿದರು. ೧೮೬೪ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ರಾಶಿಕ್ರಿಯಾ ನಿಯಮವನ್ನು ಮಂಡಿಸಿದರು. ಇವೆರಡನ್ನೂ ಕೂಡಿಸಿ ಫಲಿತಾಂಶ ಪಡೆಯಲು ನಿಖರವಾದ ಉಪಕರಣ ಬೇಕಾಗಿತ್ತು. ೧೯೪೧ರಲ್ಲಿ ಬಂದ ಬೆಕ್ಮನ್ ಡಿಯು ರೋಹಿತಮಾಪಕವು ನೇರಳಾತೀತ ಅಳತೆಯನ್ನು ಸುಲಭಗೊಳಿಸಿತು.

೧೯೪೯ರಲ್ಲಿ ಬೆನೆಸಿ ಮತ್ತು ಹಿಲ್ಡೆಬ್ರಾಂಡ್ ಬೆನ್ಸೀನ್-ಅಯೊಡಿನ್ ಸಂಕೀರ್ಣದ ಅಧ್ಯಯನವನ್ನು ಪ್ರಕಟಿಸಿದರು. ಬೆನ್ಸೀನಿನ ಪ್ರಮಾಣವನ್ನು ಹಂತಹಂತವಾಗಿ ಬದಲಿಸಿ, ೨೯೭ ನ್ಯಾನೊಮೀಟರ್ ಬಳಿಯ ಹೀರಿಕೆಯನ್ನು ಅಳೆಯುವುದು ಅವರ ಕ್ರಮ. ಬೆನ್ಸೀನ್ ಹೇರಳವಾಗಿರುವುದರಿಂದ ಸಂಕೀರ್ಣದಲ್ಲಿ ಸೇರಿಹೋದ ಅದರ ಅಂಶವನ್ನು ಅಲಕ್ಷಿಸಬಹುದು. ಅಯೊಡಿನ್ನಿನ ಸಾರತೆಯನ್ನು ಹೀರಿಕೆಯಿಂದ ಭಾಗಿಸಿ, ಬಂದ ಬೆಲೆಯನ್ನು ಬೆನ್ಸೀನಿನ ಸಾರತೆಯ ವ್ಯುತ್ಕ್ರಮಕ್ಕೆ ಎದುರಾಗಿ ಗುರುತಿಸಿದರೆ ಸರಳರೇಖೆ ದೊರೆಯುತ್ತದೆ. ಅದು ಲಂಬಾಕ್ಷವನ್ನು ಕಡಿಯುವ ಬೆಲೆಯನ್ನು ರೇಖೆಯ ಇಳಿಜಾರಿನಿಂದ ಭಾಗಿಸಿದಾಗ ಸ್ಥಿರಾಂಕ ಲಭಿಸುತ್ತದೆ.

ಈ ಸರಳತೆಯಲ್ಲಿಯೇ ಒಂದು ಅಪಾಯವೂ ಅಡಗಿದೆ. ಸಂಕೀರ್ಣವು ತೀರ ದುರ್ಬಲವಾದರೆ ರೇಖೆಯು ಮೂಲಬಿಂದುವಿನ ಬಳಿಯಲ್ಲಿ ಅಕ್ಷವನ್ನು ಕಡಿಯುತ್ತದೆ. ಅಳತೆಯ ಅಲ್ಪದೋಷವೂ ಸ್ಥಿರಾಂಕವನ್ನು ಹಲವು ಪಟ್ಟು ಬದಲಿಸಬಲ್ಲದು. ಆಗ ನಿಜವಾಗಿ ತಿಳಿದಿರುವುದು ಸ್ಥಿರಾಂಕ ಮತ್ತು ಮೋಲಾರ್ ಹೀರಿಕೆಗಳ ಗುಣಲಬ್ಧ ಮಾತ್ರ. ಬಿಂದುಗಳೆಲ್ಲ ರೇಖೆಯ ಮೇಲೆಯೇ ಬಿದ್ದರೂ ಈ ಕೊರತೆ ನೀಗದು. ಹೇರಳವಾಗಿರುವ ಘಟಕದ ಗರಿಷ್ಠ ಸಾರತೆಯು ಸ್ಥಿರಾಂಕದ ವ್ಯುತ್ಕ್ರಮದ ಹತ್ತನೆಯ ಒಂದಂಶಕ್ಕಾದರೂ ಮಿಗಿಲಾಗಿರಬೇಕೆಂದು ಪರ್ಸನ್ ೧೯೬೫ರಲ್ಲಿ ತೋರಿಸಿದರು. ಸ್ಥಿರಾಂಕವು ಲೀಟರ್-ಮೋಲ್ ಮಾನದಲ್ಲಿ ೦.೧ ಇದ್ದರೆ ೧ ಮೋಲಾರ್ ಸಾರತೆಯನ್ನು ದಾಟಬೇಕೆಂದು ಇದರ ಅರ್ಥ. ಸಂಕೀರ್ಣಗೊಂಡ ಪಾಲು ಶೇಕಡ ೨೦ರಿಂದ ೮೦ರವರೆಗಿನ ವ್ಯಾಪ್ತಿಯಲ್ಲಿರುವಾಗ ಅಳತೆ ಹೆಚ್ಚು ವಿಶ್ವಾಸಾರ್ಹವೆಂದು ಡೆರನ್ಲೊ ೧೯೬೯ರಲ್ಲಿ ವಿವರಿಸಿದರು.

ಇಂದು ಗಣಕಯಂತ್ರವು ಅನೇಕ ತರಂಗಾಂತರಗಳ ಅಳತೆಗಳನ್ನು ಒಮ್ಮೆಗೇ ಹೊಂದಿಸುತ್ತದೆ. ಆದರೆ ಅಳತೆಯಲ್ಲಿ ಇಲ್ಲದ ಮಾಹಿತಿಯನ್ನು ಅದು ಸೃಷ್ಟಿಸಲಾರದು. ಆದುದರಿಂದ ವಿದ್ಯಾರ್ಥಿಗಳು ಸ್ಥಿರಾಂಕವನ್ನು ವರದಿಮಾಡುವಾಗ ಸಂಕೀರ್ಣವು ಎಷ್ಟರ ಮಟ್ಟಿಗೆ ರಚಿತವಾಗಿತ್ತೆಂಬುದನ್ನೂ ತಪ್ಪದೆ ದಾಖಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.