ಡೇಟ್ ದಾಟಿದ ಮೇಲೆ: ಹೆರಿಗೆ ನೋವು ಬರಿಸೋದಾ, ಕಾಯೋದಾ?

ಈ ವಾರದ ಪ್ರಶ್ನೆ ನಮ್ಮ ವಯಸ್ಸಿನ ಬಹಳ ಜನರ ಮನೆಗೆ ಬರುವಂಥದ್ದು. ಡಾಕ್ಟರ್ ಕೊಟ್ಟ ಡೇಟ್ ದಾಟಿದೆ, ನೋವು ಬಂದಿಲ್ಲ. ಔಷಧಿ ಕೊಟ್ಟು ಬರಿಸೋದಾ, ಇನ್ನೂ ಕಾಯೋದಾ?

1817ರ ಇಂಗ್ಲೆಂಡಿಗೆ ಹೋಗೋಣ. ಮುಂದೆ ರಾಣಿಯಾಗಬೇಕಿದ್ದ ರಾಜಕುಮಾರಿ ಶಾರ್ಲೆಟ್‌ಗೆ ಆಗ 21 ವರ್ಷ. ಹೆರಿಗೆಗೆ ಅಂದಾಜು ಮಾಡಿದ್ದ ದಿನ ಅಕ್ಟೋಬರ್ 19. ನೋವು ಶುರುವಾದದ್ದು ನವೆಂಬರ್ 3ರ ಸಂಜೆ. ಸುಮಾರು 50 ಗಂಟೆ ನೋವು ತಿಂದ ಮೇಲೆ ಗಂಡುಮಗು ಹುಟ್ಟಿತು, ಜೀವ ಇರಲಿಲ್ಲ. ಕೆಲವೇ ಗಂಟೆಗಳಲ್ಲಿ ತಾಯಿಯೂ ತೀರಿಕೊಂಡಳು. ಹೆರಿಗೆ ನೋಡಿಕೊಂಡ ಸರ್ ರಿಚರ್ಡ್ ಕ್ರಾಫ್ಟ್, ಪ್ರಸಿದ್ಧ ಪ್ರಸೂತಿ ವೈದ್ಯ ಥಾಮಸ್ ಡೆನ್ಮನ್ ಅವರ ಅಳಿಯ. ಪ್ರಕೃತಿಯ ಕೆಲಸಕ್ಕೆ ಆದಷ್ಟು ಕೈ ಹಾಕಬಾರದು ಅನ್ನೋದು ಆ ಪರಂಪರೆಯ ಪಾಠ. ಇಕ್ಕಳ ಪಕ್ಕದಲ್ಲಿದ್ದರೂ ಬಳಸಲಿಲ್ಲ. ದೇಶವೆಲ್ಲ ದೂರಿತು, 1818ರ ಫೆಬ್ರವರಿಯಲ್ಲಿ ಕ್ರಾಫ್ಟ್ ಆತ್ಮಹತ್ಯೆ ಮಾಡಿಕೊಂಡರು. (ವಿಕ್ಟೋರಿಯಾಗೆ ಪಟ್ಟ ಸಿಕ್ಕಿದ್ದೂ ಈ ಸಾವಿನಿಂದಲೇ. ಅದು ಇನ್ನೊಂದು ಎಪಿಸೋಡ್.)

ನನಗೆ ಕ್ರಾಫ್ಟ್ ಮೇಲೆ ಅಷ್ಟು ಕೋಪ ಬರಲ್ಲ. ನೀರಿನ ಚೀಲ ಒಡೆದು ನೋವು ಬರಿಸೋದು ಆಗಲೂ ಗೊತ್ತಿತ್ತು, ಆದರೆ ಕೈ ತೊಳೆಯೋ ಕಾಲವೇ ಇನ್ನೂ ಬಂದಿರಲಿಲ್ಲ. 1906ರಲ್ಲಿ ಹೆನ್ರಿ ಡೇಲ್, ಪಿಟ್ಯುಟರಿ ಗ್ರಂಥಿಯ ರಸ ಗರ್ಭಕೋಶವನ್ನು ಹಿಂಡುತ್ತೆ ಅಂತ ಕಂಡುಕೊಂಡರು. ಆ ರಸವನ್ನು ಸೂಜಿಯಲ್ಲಿ ಕೊಟ್ಟಾಗ ಕೆಲವೊಮ್ಮೆ ಗರ್ಭಕೋಶವೇ ಹರಿದುಹೋಗುತ್ತಿತ್ತು. 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಆಕ್ಸಿಟೋಸಿನ್ ಅನ್ನು ಲ್ಯಾಬಿನಲ್ಲೇ ತಯಾರಿಸಿದರು, 1955ರಲ್ಲಿ ನೊಬೆಲ್ ಬಂತು. ಶುದ್ಧ ಔಷಧಿ, ಡ್ರಿಪ್‌ನಲ್ಲಿ ಹನಿಹನಿ ಲೆಕ್ಕ, ಹೆಚ್ಚಾದರೆ ನಿಲ್ಲಿಸಬಹುದು.

ಹೇಗೆ ಅನ್ನೋದು ಗೊತ್ತಾಯ್ತು, ಯಾವಾಗ ಅನ್ನೋದು ಗೊತ್ತಾಗಲಿಲ್ಲ. ಅದಕ್ಕೆ ಎಣಿಸಲೇಬೇಕಿತ್ತು. ಸ್ವೀಡನ್ನಿನಲ್ಲಿ 41 ವಾರ ತುಂಬಿದ, ಬೇರೆ ತೊಂದರೆ ಇಲ್ಲದ ಗರ್ಭಿಣಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಆಗಲೇ ನೋವು ಬರಿಸಿದರು, ಇನ್ನೊಂದು 42ರವರೆಗೆ ಕಾಯಿತು. 10,000 ಮಂದಿ ಅಂತ ಹೊರಟಿದ್ದ ಅಧ್ಯಯನವನ್ನು 2,760ಕ್ಕೇ ನಿಲ್ಲಿಸಿದರು. ಕಾದ ಗುಂಪಿನಲ್ಲಿ 6 ಶಿಶುಗಳು ಹೋಗಿದ್ದವು, ಇನ್ನೊಂದರಲ್ಲಿ ಒಂದೂ ಇಲ್ಲ. 2019ರಲ್ಲಿ ಇದು ಪ್ರಕಟವಾಯ್ತು. ಕಾದ ಸುಮಾರು 1,380 ಮಂದಿಯಲ್ಲಿ 6 ಅನ್ನೋದನ್ನೂ ಮರೆಯಬಾರದು. ಉಳಿದವರೆಲ್ಲರ ಶಿಶುಗಳು ಉಳಿದವು. ಸಿಸೇರಿಯನ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅಮೆರಿಕದಲ್ಲಿ 6,106 ಚೊಚ್ಚಲ ಗರ್ಭಿಣಿಯರ ಮೇಲೆ ನಡೆದ 2018ರ ಅಧ್ಯಯನದಲ್ಲಂತೂ 39ನೇ ವಾರದಲ್ಲಿ ನೋವು ಬರಿಸಿದವರಿಗೆ ಸಿಸೇರಿಯನ್ ಆದದ್ದು ಶೇ. 18.6, ಕಾದವರಿಗೆ ಶೇ. 22.2. "ಡ್ರಿಪ್ ಹಾಕಿದ್ರೆ ಆಪರೇಷನ್ ಗ್ಯಾರಂಟಿ" ಅನ್ನೋರಿಗೆ ಇದನ್ನ ತೋರಿಸಿ.

ಆದರೆ 41 ಅನ್ನೋದನ್ನ ಎಣಿಸಿದ್ದು ಎಲ್ಲಿಂದ? ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸೋ ಸೂತ್ರ ಜರ್ಮನಿಯ ನೇಗಲೆ ಹೆಸರಲ್ಲಿದೆ. ಅದು 28 ದಿನದ ಚಕ್ರ ಅಂತ ಊಹಿಸುತ್ತೆ. 35 ದಿನದ ಚಕ್ರದವರಿಗೆ ಒಂದು ವಾರವೇ ತಪ್ಪುತ್ತೆ. ಮೊದಲ ಮೂರು ತಿಂಗಳ ಸ್ಕ್ಯಾನ್ ಇದನ್ನ ಸರಿಮಾಡುತ್ತೆ.

ಪುಣೆಯಲ್ಲಿ ನಮಗೆ ಈ ಪ್ರಶ್ನೆ ಬಂದಾಗ 40 ವಾರ 5 ದಿನ. ಅಮ್ಮ ಊರಿಂದ ಫೋನಲ್ಲಿ, "ತಾನಾಗೇ ಹಣ್ಣಾಗ್ಲಿ ಬಿಡೋ" ಅಂದ್ರು. ನನ್ನ ಹೆಂಡತಿ ಮೊದಲು ಫೈಲ್ ತೆಗೆದು ಒಂಬತ್ತನೇ ವಾರದ ಸ್ಕ್ಯಾನ್ ನೋಡಿದಳು. ಡೇಟ್ ಹೊಂದುತ್ತಿತ್ತು. ಬಿಪಿ, ಶುಗರ್ ಸರಿ ಇತ್ತು. ಇಲ್ಲದಿದ್ದರೆ ಲೆಕ್ಕವೇ ಬೇರೆ. ಗರ್ಭಕೋಶದ ಬಾಯಿ ಎಷ್ಟು ಮೆತ್ತಗಾಗಿದೆ ಅಂತ ಡಾಕ್ಟರನ್ನ ಅವಳೇ ಕೇಳಿದಳು. 41 ತುಂಬಿದ ಬೆಳಿಗ್ಗೆ ಅಡ್ಮಿಟ್ ಆಗೋದು, ಅಷ್ಟರೊಳಗೆ ಮಗುವಿನ ಅಲುಗಾಟ ಕಮ್ಮಿ ಅನ್ನಿಸಿದರೆ ಮಧ್ಯರಾತ್ರಿಯಾದರೂ ಹೊರಡೋದು ಅಂತ ತೀರ್ಮಾನ ಮಾಡಿದ್ವಿ. ಅಮ್ಮನಿಗೆ ಟಿಕೆಟ್ ಬುಕ್ ಮಾಡಿದೆ.