ಮಣ್ಣಿನ ಉತ್ಪತ್ತಿ ಮತ್ತು ಗುಣಲಕ್ಷಣಗಳು: ಮಾದರಿ ಸಲ್ಲಿಸುವ ರೈತರ ಗಮನಕ್ಕೆ

ಮಣ್ಣು ಪರೀಕ್ಷೆಗಾಗಿ ಮಾದರಿ ಸಲ್ಲಿಸಲು ಇಚ್ಛಿಸುವ ರೈತ ಬಾಂಧವರು, ಗುದ್ದಲಿ ಹಿಡಿಯುವ ಮುನ್ನ ತಮ್ಮ ಜಮೀನಿನಲ್ಲಿ ಎಷ್ಟು ಬಗೆಯ ಮಣ್ಣಿದೆ ಎಂಬುದನ್ನು ಗಮನಿಸುವುದು ಅವಶ್ಯಕ. ಪ್ರಯೋಗಾಲಯಕ್ಕೆ ತಲುಪುವುದು ಸುಮಾರು ಅರ್ಧ ಕಿಲೋಗ್ರಾಂ ಮಣ್ಣು ಮಾತ್ರ. ಅದು ಜಮೀನನ್ನು ಸರಿಯಾಗಿ ಪ್ರತಿನಿಧಿಸದಿದ್ದಲ್ಲಿ ವಿಶ್ಲೇಷಣೆ ಎಷ್ಟೇ ನಿಖರವಾಗಿದ್ದರೂ ಶಿಫಾರಸು ತಪ್ಪುತ್ತದೆ. ಗೊಬ್ಬರಕ್ಕೆ ವ್ಯಯಿಸಿದ ಹಣವೂ ವ್ಯರ್ಥವಾಗುತ್ತದೆ.

ಮಣ್ಣು ಉಂಟಾಗುವ ಬಗೆ

ಬಂಡೆಯು ಬಿಸಿಲು ಮಳೆಗಳಿಗೆ ಸಿಲುಕಿ ಶಿಥಿಲಗೊಂಡು, ಅದರೊಡನೆ ಸಸ್ಯ ಹಾಗೂ ಜೀವಿಗಳ ಅವಶೇಷಗಳು ಬೆರೆತು ಮಣ್ಣು ರೂಪುಗೊಳ್ಳುತ್ತದೆ. ಮೂಲ ಶಿಲೆ, ಹವಾಗುಣ, ಜೀವಿಗಳು, ನೆಲದ ಏರಿಳಿತ ಮತ್ತು ಕಾಲ ಎಂಬ ಐದು ಅಂಶಗಳು ಅದರ ಸ್ವರೂಪವನ್ನು ನಿರ್ಧರಿಸುತ್ತವೆ. ರಷ್ಯಾದ ವಾಸಿಲಿ ಡೊಕುಚಾಯೆವ್ 1883ರ ತಮ್ಮ ಗ್ರಂಥದಲ್ಲಿ ಈ ವಿಚಾರಕ್ಕೆ ತಳಹದಿ ಹಾಕಿದರು. ಹ್ಯಾನ್ಸ್ ಜೆನ್ನಿ 1941ರಲ್ಲಿ ಅದಕ್ಕೆ ಸೂತ್ರದ ರೂಪ ನೀಡಿದರು. ಒಂದು ಅಂಗುಲ ಮೇಲ್ಮಣ್ಣು ಉಂಟಾಗಲು ನೂರಾರು ವರ್ಷಗಳು ಬೇಕು. ಬದುವಿಲ್ಲದ ಇಳಿಜಾರಿನಲ್ಲಿ ಅದು ಕೆಲವೇ ಮಳೆಗಾಲಗಳಲ್ಲಿ ಕೊಚ್ಚಿಹೋಗಬಲ್ಲದು.

ಕೋಲಾರ, ತುಮಕೂರು, ಬೆಂಗಳೂರು ಭಾಗಗಳಲ್ಲಿ ಗ್ರಾನೈಟ್ ಹಾಗೂ ನೈಸ್ ಶಿಲೆಗಳಿವೆ. ಇವುಗಳಲ್ಲಿನ ಬೆಣಚು ಕರಗದೆ ಮರಳಾಗಿ ಉಳಿಯುತ್ತದೆ, ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಕಬ್ಬಿಣದ ಅಂಶವು ಗಾಳಿಯ ಆಮ್ಲಜನಕದೊಡನೆ ಸೇರಿ ಕೆಂಪು ಬಣ್ಣ ನೀಡುತ್ತದೆ. ವಿಜಯಪುರ, ಕಲಬುರಗಿ ಭಾಗದ ಬಸಾಲ್ಟ್ ಶಿಲೆಯಲ್ಲಿ ಬೆಣಚು ತೀರ ಕಡಿಮೆ. ಸುಣ್ಣ ಮತ್ತು ಮೆಗ್ನೀಷಿಯಂ ಹೆಚ್ಚು. ಮಳೆ ಕಡಿಮೆಯಿರುವುದರಿಂದ ಇವು ಬಸಿದುಹೋಗದೆ ಉಳಿದು, ನೀರುಂಡಾಗ ಉಬ್ಬುವ, ಒಣಗಿದಾಗ ಬಿರಿಯುವ ಜೇಡಿ ಉಂಟಾಗುತ್ತದೆ. ಇದೇ ಎರೆಭೂಮಿ. ಎರೆಮಣ್ಣು ಕಪ್ಪಾಗಿರುವುದರಿಂದ ಅದರಲ್ಲಿ ಸಾವಯವ ಅಂಶ ಹೇರಳವಾಗಿದೆಯೆಂದು ಭಾವಿಸುವವರು ಬಹಳ. ವಾಸ್ತವವಾಗಿ ಅನೇಕ ಎರೆಭೂಮಿಗಳಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇರುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿದ ಮಳೆಯು ಸಿಲಿಕಾ ಮತ್ತು ಸುಣ್ಣವನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂಗಳನ್ನಷ್ಟೇ ಉಳಿಸುತ್ತದೆ. ಅಲ್ಲಿನ ಜಂಬಿಟ್ಟಿಗೆ ಮಣ್ಣು ಹುಳಿಯಾಗಿದ್ದು ಹಾಕಿದ ರಂಜಕವನ್ನು ಬಂಧಿಸಿಡುತ್ತದೆ.

ಆದರೆ ಶಿಲೆಯೊಂದನ್ನೇ ನೋಡಿ ಮಣ್ಣನ್ನು ನಿರ್ಧರಿಸಲಾಗದು. ಬೀದರ್ ಜಿಲ್ಲೆಯಲ್ಲಿ ಬುಡದಲ್ಲಿರುವುದು ಬಸಾಲ್ಟ್ ಶಿಲೆಯೇ. ಆದರೂ ಪ್ರಸ್ಥಭೂಮಿಯ ಮೇಲೆ ಕೆಂಪು ಜಂಬಿಟ್ಟಿಗೆ, ತಗ್ಗಿನಲ್ಲಿ ಎರೆಮಣ್ಣು. ರಾಯಚೂರು ಭಾಗದಲ್ಲಿ ನೈಸ್ ಶಿಲೆಯ ನೆಲದಲ್ಲಿಯೂ ತಗ್ಗುಗಳಲ್ಲಿ ಕಪ್ಪು ಮಣ್ಣು ಕಂಡುಬರುತ್ತದೆ. ಇದೇ ವ್ಯತ್ಯಾಸ ಸಣ್ಣ ಪ್ರಮಾಣದಲ್ಲಿ ಒಂದೇ ಸರ್ವೆ ನಂಬರಿನೊಳಗೂ ಇರಬಹುದು: ದಿಣ್ಣೆಯ ಮೇಲೆ ತೆಳುವಾದ ಗರಸು, ನಡುವೆ ಮಸಾರಿ, ಕೆಳಗೆ ಹಳ್ಳದ ಬದಿಯಲ್ಲಿ ಆಳವಾದ ಜೇಡಿ. ಈ ಮೂರನ್ನೂ ಬೆರೆಸಿ ಒಂದೇ ಮಾದರಿ ಮಾಡಿದಲ್ಲಿ ಬರುವ ಫಲಿತಾಂಶ ಮೂರರಲ್ಲಿ ಯಾವುದಕ್ಕೂ ಹೊಂದುವುದಿಲ್ಲ.

ಗುಣಲಕ್ಷಣಗಳ ವಿವರಣೆ

2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ 12 ಅಂಶಗಳನ್ನು ನಮೂದಿಸಲಾಗುತ್ತದೆ: ರಸಸಾರ, ವಿದ್ಯುತ್ ವಾಹಕತೆ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಮತ್ತು ಬೋರಾನ್. ರಸಸಾರ 7 ಇದ್ದರೆ ತಟಸ್ಥ, ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. 6 ಮತ್ತು 5ರ ನಡುವಿನ ಅಂತರ ಅಲ್ಪವೆಂದು ತೋರಿದರೂ ಹುಳಿತನ ಹತ್ತು ಪಟ್ಟು ಹೆಚ್ಚಿರುತ್ತದೆ. ವಿದ್ಯುತ್ ವಾಹಕತೆಯು ಲವಣಾಂಶವನ್ನು ಸೂಚಿಸುತ್ತದೆ. ನೀರು ನಿಂತು ಸವಳು-ಜವಳಾದ ಕಾಲುವೆ ಪ್ರದೇಶದ ರೈತರು ಇದನ್ನು ಮೊದಲು ನೋಡತಕ್ಕದ್ದು.

ಈ 12ರಲ್ಲಿ ಮಣ್ಣಿನ ಆಳ ಮತ್ತು ಕಣರಚನೆ ಸೇರಿಲ್ಲ ಎಂಬುದನ್ನು ಗಮನಿಸುವುದು. ಅರ್ಧ ಅಡಿ ಆಳದ ಗರಸಿನಲ್ಲಿಯೂ ನಾಲ್ಕು ಅಡಿಯ ಎರೆಯಲ್ಲಿಯೂ ಚೀಟಿಯ ಅಂಕಿಗಳು ಒಂದೇ ಇರಬಹುದು, ಆದರೆ ಬೆಳೆ ಒಂದೇ ಆಗಿರದು. ಆದುದರಿಂದ ಇವೆರಡನ್ನು ರೈತರೇ ಪರಿಶೀಲಿಸಿಕೊಳ್ಳಬೇಕು. ಆಳವನ್ನು ಬಾವಿಯ ಅಂಚು ಅಥವಾ ಹಳ್ಳದ ಕೊರಕಲಿನಲ್ಲಿ ಕಾಣಬಹುದು: ಮೇಲೆ ಗಾಢ ಬಣ್ಣದ ಪದರ, ಅದರಡಿ ಜೇಡಿ ಅಥವಾ ಸುಣ್ಣದ ಹರಳು ಶೇಖರವಾದ ಪದರ, ಬಳಿಕ ಶಿಥಿಲ ಶಿಲೆ. ಕಣರಚನೆ ಎಂದರೆ ಮರಳು, ಗೋಡು, ಜೇಡಿಗಳ ಪ್ರಮಾಣ, 0.002 ಮಿ.ಮೀ.ಗಿಂತ ಸಣ್ಣ ಕಣವೇ ಜೇಡಿ. ಹಿಡಿ ಮಣ್ಣನ್ನು ನೆನೆಸಿ ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದಾಗ ಉದ್ದನೆಯ ಪಟ್ಟಿ ಬಂದರೆ ಜೇಡಿ ಹೆಚ್ಚು, ಪಟ್ಟಿಯೇ ಬಾರದಿದ್ದರೆ ಮರಳು ಹೆಚ್ಚು. ಹಗುರ ಕೆಂಪು ಮಣ್ಣಿಗೆ ಕೆರೆಯ ಗೋಡು ಹೊಡೆಸುತ್ತಿದ್ದ ಹಿರಿಯರ ಪದ್ಧತಿ ಕಣರಚನೆಯನ್ನೇ ತಿದ್ದುವ ಕ್ರಮವಾಗಿತ್ತು.

ಮಾದರಿ ತೆಗೆಯುವ ವಿಧಾನ

ಬಣ್ಣ, ಇಳಿಜಾರು, ಬೆಳೆಯ ಏಳಿಗೆಗಳಲ್ಲಿ ವ್ಯತ್ಯಾಸವಿದ್ದಲ್ಲಿ ಜಮೀನನ್ನು ಪ್ರತ್ಯೇಕ ಭಾಗಗಳಾಗಿ ವಿಂಗಡಿಸಿ ಪ್ರತಿ ಭಾಗಕ್ಕೂ ಬೇರೆ ಮಾದರಿ ತೆಗೆಯತಕ್ಕದ್ದು. ಒಂದು ಭಾಗದ 8ರಿಂದ 10 ಕಡೆ ಅಂಕುಡೊಂಕಾಗಿ ನಡೆದು, ಮೇಲಿನ ಕಸಕಡ್ಡಿ ಸರಿಸಿ, 15 ಸೆಂ.ಮೀ. ಆಳದ ಇಳಿಗುಂಡಿ ತೋಡಿ ಅದರ ಬದಿಯಿಂದ ಒಂದೇ ದಪ್ಪದ ಹೋಳನ್ನು ಕೆತ್ತಿ ತೆಗೆಯಬೇಕು. ತೋಟಗಾರಿಕೆ ಬೆಳೆಗಳಿಗೆ ಇನ್ನೂ ಆಳದ ಮಾದರಿ ಅಗತ್ಯ. ಬದು, ಮರದ ನೆರಳು, ತಿಪ್ಪೆಯ ಜಾಗ, ನೀರುಗಾಲುವೆಯ ಅಂಚುಗಳನ್ನು ಹಾಗೂ ಹೊಸದಾಗಿ ಗೊಬ್ಬರ ಹಾಕಿದ ಜಮೀನನ್ನು ಬಿಡಬೇಕು. ಎಲ್ಲವನ್ನೂ ಬೆರೆಸಿ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ತೆಗೆದುಹಾಕುತ್ತ ಅರ್ಧ ಕಿಲೋಗ್ರಾಂಗೆ ಇಳಿಸಿ ನೆರಳಿನಲ್ಲಿ ಒಣಗಿಸಬೇಕು. ಖಾಲಿ ಗೊಬ್ಬರದ ಚೀಲದಲ್ಲಿ ಮಾದರಿ ತುಂಬಿ ತರಕೂಡದು. ಶುಭ್ರವಾದ ಬಟ್ಟೆಯ ಚೀಲ ಬಳಸುವುದು.

ರೈತರ ಹೆಸರು, ಗ್ರಾಮ, ಹೋಬಳಿ, ಸರ್ವೆ ನಂಬರು, ನೀರಾವರಿ ಅಥವಾ ಮಳೆಯಾಶ್ರಿತ, ಹಿಂದಿನ ಬೆಳೆ ಹಾಗೂ ಮುಂದೆ ಬೆಳೆಯಲಿರುವ ಬೆಳೆಯ ವಿವರಗಳನ್ನು ಬರೆದ ಚೀಟಿಯನ್ನು ಚೀಲದೊಳಗೊಂದು, ಹೊರಗೊಂದು ಇರಿಸಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸಲ್ಲಿಸಬಹುದಾಗಿದೆ. ಒಂದೇ ಸರ್ವೆ ನಂಬರಿನಿಂದ ಎರಡು ಅಥವಾ ಮೂರು ಮಾದರಿ ನೀಡುವವರು ಚೀಟಿಯಲ್ಲಿ ‘ದಿಣ್ಣೆ’, ‘ತಗ್ಗು’ ಎಂದು ತಪ್ಪದೆ ನಮೂದಿಸಲು ಕೋರಲಾಗಿದೆ.