ಹಾಡಿದ್ದು ಯಂತ್ರ, ಹಾಡಿಸಿದ್ದು ಯಾರು?

ಹತ್ಸುನೆ ಮಿಕು ಹೆಸರು ಎತ್ತಿದರೆ ಸಾಕು, ನನ್ನ ವಾರಿಗೆಯವರು ಈಗೀಗ ಕೇಳೋದು ಒಂದೇ ಪ್ರಶ್ನೆ: "ಆ ಎಐ ಸಿಂಗರ್ ತಾನೆ?" ಅಲ್ಲ ಮಾರಾಯ್ರೆ. ಎರಡು ಉದ್ದನೆ ಹಸಿರುನೀಲಿ ಜುಟ್ಟಿನ ಈ ಹುಡುಗಿ ಮಾರುಕಟ್ಟೆಗೆ ಬಂದದ್ದು 2007ರ ಆಗಸ್ಟ್ 31ರಂದು. ಅವಳಿಗೂ ಇವತ್ತಿನ ಎಐ ಹಾಡಿಗೂ ಇರುವ ವ್ಯತ್ಯಾಸ ನನಗಂತೂ ಬಹಳ ಮುಖ್ಯ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಂಪ್ಯೂಟರ್ ಹತ್ತಿರ ಹಾಡಿಸುವ ಆಸೆ ಹಳೆಯದು. 1961ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಐಬಿಎಂ 704 ಯಂತ್ರ 'ಡೈಸಿ ಬೆಲ್' ಹಾಡಿತ್ತು. ಆದರೆ ಮನೆಯಲ್ಲಿ ಕೂತು ಯಾರು ಬೇಕಾದರೂ ಹಾಡಿಸಬಹುದಾದ ಸಾಫ್ಟ್‌ವೇರ್‌ಗೆ ಇನ್ನೂ ನಾಲ್ಕು ದಶಕ ಕಾಯಬೇಕಾಯಿತು. ಯಮಹಾ ಕಂಪನಿಯ ಕೆನ್ಮೋಚಿ ಹಿದೆಕಿ ಮತ್ತವರ ತಂಡ, ಸ್ಪೇನಿನ ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಜೊತೆ ಸೇರಿ, 2000ದಲ್ಲಿ ಕೆಲಸ ಶುರು ಮಾಡಿತು. ಅದೇ ಮುಂದೆ 'ವೋಕಲಾಯ್ಡ್' ಆಯಿತು.

ತತ್ವ ಸರಳ. ಒಬ್ಬರನ್ನು ಸ್ಟುಡಿಯೋದಲ್ಲಿ ಕೂರಿಸಿ, ಅರ್ಥವಿಲ್ಲದ ಉಚ್ಚಾರಗಳನ್ನು ಬೇರೆ ಬೇರೆ ಶ್ರುತಿಯಲ್ಲಿ ಹಾಡಿಸೋದು. ಆ ದನಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಬೇಕಾದ ಪದಕ್ಕೆ ಬೇಕಾದ ಹಾಗೆ ಜೋಡಿಸೋದು. ಜಪಾನಿ ಭಾಷೆ ನಮ್ಮ ಕಾಗುಣಿತದ ಥರ, ಕ-ಕಿ-ಕು-ಕೆ-ಕೊ ಅಂತ ಸಾಗುತ್ತೆ. ಒತ್ತಕ್ಷರಗಳ ಕಾಟ ತೀರಾ ಕಡಿಮೆ. ಹಾಗಾಗಿ ಒಂದು ಶ್ರುತಿಗೆ ಸುಮಾರು 500 ತುಂಡು ಸಾಕು. ಇಂಗ್ಲಿಷಿಗಾದರೆ ಸುಮಾರು 2500 ಬೇಕು.

ಆದರೂ ಮೊದಲು ಅಂಗಡಿಗೆ ಬಂದದ್ದು ಇಂಗ್ಲಿಷ್ ದನಿಗಳೇ. 2004ರ ಜನವರಿಯಲ್ಲಿ ಬ್ರಿಟನ್ನಿನ ಜೀರೋ-ಜಿ ಕಂಪನಿ ಲಿಯಾನ್, ಲೋಲಾ ಎಂಬ ಎರಡು ದನಿಗಳನ್ನು ತಂದಿತು. ನಿಜವಾದ ಗಾಯಕರ ಪಕ್ಕ ನಿಲ್ಲಿಸಿ ನೋಡಿದರೆ ಅವು ಸೋಲೋದು ಸಹಜವೇ. ಜಪಾನಿನ ಸಪ್ಪೊರೋ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಬೇರೆ ದಾರಿ ಹಿಡಿಯಿತು. ಮಿಕುಗೆ ಅದು ಆರಿಸಿದ್ದು ಗಾಯಕಿಯನ್ನಲ್ಲ, ಅನಿಮೆಗಳಿಗೆ ದನಿ ಕೊಡುವ ಫುಜಿತಾ ಸಾಕಿಯನ್ನು. ಚಿತ್ರ ಬರೆದವರು 'ಕೇ' ಎಂಬ ಕಲಾವಿದ; ವೇಷಕ್ಕೆ ಸ್ಫೂರ್ತಿ ಯಮಹಾದ್ದೇ 1983ರ ಡಿಎಕ್ಸ್7 ಸಿಂಥಸೈಜರ್. ವಯಸ್ಸು 16, ಎತ್ತರ 158 ಸೆಂ.ಮೀ., ತೂಕ 42 ಕೆ.ಜಿ. ಕತೆ ಇಲ್ಲ, ಮನೆತನ ಇಲ್ಲ, ಸ್ವಭಾವ ಇಲ್ಲ.

ಆ ಖಾಲಿತನವೇ ಕೆಲಸಕ್ಕೆ ಬಂತು. ನಿಕೊ ನಿಕೊ ದೌಗಾ ಎಂಬ ವಿಡಿಯೋ ತಾಣ ಆಗಷ್ಟೇ ಜಪಾನಿನಲ್ಲಿ ಬೆಳೀತಾ ಇತ್ತು. ಮಿಕು ಬಂದ ಕೆಲವೇ ದಿನಗಳಲ್ಲಿ ಯಾರೋ ಅವಳ ಬಾಯಲ್ಲಿ ಫಿನ್ಲೆಂಡಿನ ಹಾಡೊಂದನ್ನು ಹಾಡಿಸಿ, ಕೈಗೆ ಈರುಳ್ಳಿ ದಂಟು ಕೊಟ್ಟರು. ಅದು ಇವತ್ತಿಗೂ ಅವಳ ಕೈ ಬಿಟ್ಟಿಲ್ಲ! ಡಿಸೆಂಬರಿನಲ್ಲಿ ರ್ಯೋ ಎಂಬಾತ 'ಮೆಲ್ಟ್' ಹಾಡು ಮಾಡಿದ. ಅದು ತಮಾಷೆಯದಲ್ಲ, ಮೊದಲ ಪ್ರೀತಿಯ ಹುಡುಗಿಯೊಬ್ಬಳ ಅಪ್ಪಟ ಪಾಪ್ ಹಾಡು. ಒಬ್ಬ ರಾಗ ಹಾಕಿದರೆ ಇನ್ನೊಬ್ಬ ಚಿತ್ರ ಬರೆದ, ಮೂರನೆಯವನು ವಿಡಿಯೋ ಮಾಡಿದ. ಒಬ್ಬರಿಗೊಬ್ಬರ ಮುಖಪರಿಚಯವೂ ಇರಬೇಕಿಲ್ಲ.

ಇಲ್ಲಿ ಕ್ರಿಪ್ಟನ್ ಕಂಪನಿ 'ನಮ್ಮ ಬೊಂಬೆ, ಮುಟ್ಟಬೇಡಿ' ಅಂತ ನೋಟಿಸು ಕಳಿಸಬಹುದಿತ್ತು. ಕಳಿಸಲಿಲ್ಲ. ಬದಲಿಗೆ ಅದೇ 2007ರ ಡಿಸೆಂಬರಿನಲ್ಲಿ 'ಪಿಯಾಪ್ರೋ' ತಾಣ ತೆರೆದು, ದುಡ್ಡು ಮಾಡುವ ಉದ್ದೇಶ ಇಲ್ಲದಿದ್ದರೆ ಬಳಸಿ ಅಂತ ನಿಯಮ ಬರೆಯಿತು; 2012ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನೂ ಸೇರಿಸಿತು. ನನ್ನ ಪ್ರಕಾರ ಮಿಕು ನಿಜವಾಗಿ ಹುಟ್ಟಿದ್ದು ಸಾಫ್ಟ್‌ವೇರ್‌ನಿಂದಲ್ಲ, ಈ ನಿರ್ಧಾರದಿಂದ.

ಇನ್ನು ಕೆಲಸದ ವಿಷಯ. ಬಟನ್ ಒತ್ತಿದರೆ ಮಿಕು ಹಾಡಲ್ಲ. ಒಂದೊಂದು ಸ್ವರ, ಒಂದೊಂದು ಅಕ್ಷರ ಕೈಯಿಂದಲೇ ಕೂರಿಸಬೇಕು. ಎಲ್ಲಿ ದನಿ ನಡುಗಬೇಕು, ಎಲ್ಲಿ ಉಸಿರು ಎಳೆಯಬೇಕು ಅಂತ ತಿದ್ದಬೇಕು. ಇದಕ್ಕೆ ಅಭಿಮಾನಿಗಳು ಇಟ್ಟ ಹೆಸರು 'ಚೋಕ್ಯೋ', ಅಂದರೆ ಪ್ರಾಣಿಗಳನ್ನು ಪಳಗಿಸೋದು! ರಾತ್ರಿಯೆಲ್ಲ ಹೀಗೆ ಪಳಗಿಸುತ್ತಾ ಕೂತವರಲ್ಲಿ ಹಲವರಿಗೆ ರಾಗ ಇತ್ತು, ಹಾಡುವ ಗಂಟಲಿರಲಿಲ್ಲ. 'ಹಾಚಿ' ಎಂಬ ಹೆಸರಲ್ಲಿ 2010ರಲ್ಲಿ 'ಮ್ಯಾಟ್ರಿಯೋಷ್ಕಾ' ಮಾಡಿದ ಹುಡುಗ ಮುಂದೆ ಸ್ವಂತ ದನಿಯಲ್ಲೇ ಹಾಡತೊಡಗಿದ. ಅವನೇ 2018ರ 'ಲೆಮನ್' ಹಾಡಿನ ಯೊನೆಜು ಕೆನ್ಶಿ. ಯೋಅಸೋಬಿ ಜೋಡಿಯ ಅಯಾಸೆ ಕೂಡ ಇದೇ ಗರಡಿಯವರು. 80ನೇ ವಯಸ್ಸಿನಲ್ಲಿ ಸಿಂಥಸೈಜರ್ ಸಂಗೀತದ ಹಿರಿಯ ಇಸಾವೊ ತೊಮಿತಾ ತಮ್ಮ 'ಇಹಾತೊವ್' ಸಿಂಫನಿಗೆ ಕರೆದದ್ದೂ ಮಿಕುವನ್ನೇ, 2012ರಲ್ಲಿ.

'ರೋಲಿಂಗ್ ಗರ್ಲ್' ಮಾಡಿದ ವೊವಾಕಾ 2019ರಲ್ಲಿ, 31ನೇ ವಯಸ್ಸಿಗೇ ತೀರಿಕೊಂಡರು. ಮಿಕುಗೆ ಇನ್ನೂ 16. ಆ ಹಾಡು ಕೇಳುವಾಗೆಲ್ಲ ನನಗೆ ಕೇಳಿಸೋದು ಯಂತ್ರದ ದನಿಯಲ್ಲ. ಅದರೊಳಗೆ ಕೂತು ಒಂದೊಂದೇ ಅಕ್ಷರ ಜೋಡಿಸಿದ ಮನುಷ್ಯನ ಅವಸರ, ಸಂಕಟ.

ವ್ಯತ್ಯಾಸ ಇರೋದು ಇಲ್ಲೇ. ಇವತ್ತು ಎರಡು ಸಾಲು ಟೈಪ್ ಮಾಡಿದರೆ ಇಡೀ ಹಾಡು ಬಂದುಬಿಡುತ್ತೆ. ಆದರೆ ಆ ದನಿ ಯಾರದ್ದು, ಅವರನ್ನು ಯಾರಾದರೂ ಕೇಳಿದ್ದರಾ, ರಾಗ ಕಟ್ಟಿದ್ದು ಯಾರು? ಉತ್ತರ ಸಿಗೋದು ಕಷ್ಟ. ಮಿಕುವಿನ ದನಿ ಫುಜಿತಾ ಸಾಕಿಯವರದು, ಗೊತ್ತಿದ್ದೇ ಕೊಟ್ಟದ್ದು. ಹಾಡು ಮಾಡಿದವರಿಗೂ ಹೆಸರಿದೆ. ಅನೇಕರ ಹೆಸರಿನ ಕೊನೆಗೆ ಪ್ರೊಡ್ಯೂಸರ್ ಅನ್ನೋದರ 'ಪಿ' ಇರುತ್ತೆ, 2011ರ 'ಸೆನ್ಬೊನ್‌ಜಕುರಾ' ಮಾಡಿದ ಕುರೊಉಸಾ-ಪಿ ಥರ. ಮಿಕು ಹಾಡು ಹಾಕಿದಾಗ ಆ ಹೆಸರನ್ನೂ ಒಮ್ಮೆ ಓದಿ. ಹಾಡಿಸಿದವರು ಅವರು.